ಎದುರು ಕೂತವರು

ಐವತ್ತು ನಿಮಿಷದ ಒಂದು ತರಗತಿಯಲ್ಲಿ ಮೇಡಂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಸರಾಸರಿ ಮೂವತ್ತೇಳು ಸಲ ನಡೆಯುತ್ತಿದ್ದರು. ಇದು ಅಂದಾಜಲ್ಲ. ಡಿಗ್ರಿಯ ಎರಡನೇ ವರ್ಷ ಹದಿನಾಲ್ಕು ತರಗತಿಗಳಲ್ಲಿ ನೋಟ್ಸಿನ ಅಂಚಿಗೆ ಗೆರೆ ಹಾಕಿ ಎಣಿಸಿದ್ದೇನೆ. ಅತಿ ಹೆಚ್ಚೆಂದರೆ ಐವತ್ತೊಂದು. ಅತಿ ಕಡಿಮೆ ಒಂಬತ್ತು; ಆ ದಿನ ಅವರಿಗೆ ಜ್ವರವಿತ್ತು, ಕುರ್ಚಿಯಲ್ಲಿ ಕೂತೇ ಪಾಠ ಮಾಡುತ್ತೇನೆಂದು ಹೇಳಿ ಕೂತವರು ಆರು ನಿಮಿಷಕ್ಕೆ ಎದ್ದಿದ್ದರು.

ಈ ಮಾರ್ಚ್ ಹನ್ನೊಂದು, ಬುಧವಾರ, ಬೆಳಿಗ್ಗೆ ಏಳೂವರೆಗೆ ಅವರ ತಂಗಿ ಇನ್ನಂಜೆಯಿಂದ ಫೋನು ಮಾಡಿ, "ಅಕ್ಕ ಹೋದಳು ಮಾರಾಯ್ತಿ" ಎಂದರು. ಆಮೇಲೆ ಅವರೇ, "ನಿದ್ದೆಯಲ್ಲಿ. ಅವಳು ಒಂದು ಕಡೆ ಅಷ್ಟು ಹೊತ್ತು ಮಲಗಿದ್ದು ನಾನು ಮೊದಲ ಸಲ ನೋಡಿದ್ದು" ಎಂದರು. ನಗುವುದೋ ಅಳುವುದೋ ತಿಳಿಯದೆ ನಾನು "ಹೂಂ" ಎಂದೆ.

ಉಡುಪಿಯ ಒಂದು ಕಾಲೇಜಿನಲ್ಲಿ ಅವರು ನಮಗೆ ಮನಃಶಾಸ್ತ್ರದ ಇತಿಹಾಸ ಕಲಿಸಿದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತರಗತಿಯಲ್ಲಿ ಅವರೂ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಮೊದಲ ದಿನ ಒಂದು ಹಾಳೆ ಹಂಚಿದರು. ಅದರಲ್ಲಿ ದೊಡ್ಡವರ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ಪುಸ್ತಕಗಳು. "ಇದು ಪರೀಕ್ಷೆಗೆ. ಬಾಯಿಪಾಠ ಮಾಡಿ. ನಾನು ಇದನ್ನು ಓದಿ ಹೇಳುದಿಲ್ಲ" ಎಂದರು. "ನಮ್ಮಲ್ಲಿ ಯಾರನ್ನು ಹೆಸರು ಹಿಡಿದು ಕರೀತಾರೆ? ಬಾವಿಕಟ್ಟೆ ಮನೆಯವರು, ಸೋಡಾ ಅಂಗಡಿಯವರು, ದುಬೈಯವರು. ಇವರಿಗೂ ಹಾಗೇ ಸಾಕು."

ಹಾಗಾಗಿ ಘಂಟೆ ಬಾರಿಸಿ ನಾಯಿಯ ಬಾಯಲ್ಲಿ ಜೊಲ್ಲು ತರಿಸಿದ ರಷ್ಯಾದವರು 'ನಾಯಿ ಮಾಸ್ಟ್ರು'. ಜರ್ಮನಿಯಲ್ಲಿ ಮೊದಲ ಪ್ರಯೋಗಶಾಲೆ ತೆರೆದು ಮನಸ್ಸಿನ ವೇಗ ಅಳೆಯಲು ಹೊರಟವರು 'ಗಡಿಯಾರದ ಮಾಸ್ಟ್ರು'. ರೋಗಿಗಳನ್ನು ಮಲಗಿಸಿ ಕನಸು ಕೇಳಿದ ವಿಯೆನ್ನಾದವರು 'ಮಂಚದ ಡಾಕ್ಟ್ರು'. ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ ತನ್ನದೇ ಮರೆವನ್ನು ಅಳೆದುಕೊಂಡವರು 'ಮರೆವಿನ ಮಾಸ್ಟ್ರು'. ಎಳೆಮಗು ಬಿಳಿ ಇಲಿಯನ್ನು ಮುಟ್ಟಲು ಹೋದಾಗಲೆಲ್ಲ ಹಿಂದಿನಿಂದ ಕಬ್ಬಿಣಕ್ಕೆ ಸುತ್ತಿಗೆಯಿಂದ ಬಡಿದು ಹೆದರಿಸಿದ ಅಮೆರಿಕದವರು 'ಸುತ್ತಿಗೆ ಮಾಸ್ಟ್ರು'.

ಪ್ರತಿಯೊಬ್ಬ ಮಾಸ್ಟ್ರ ಕಥೆ ಮುಗಿದ ಮೇಲೆ ಅವರದು ಒಂದೇ ಪ್ರಶ್ನೆ. "ಸರಿ. ಎದುರು ಯಾರು ಕೂತಿದ್ದರು?"

ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಅರವತ್ತಮೂರು ಸಲ ಕೇಳಿದ್ದಾರೆ. ಅದು ನಾನು ಹಾಜರಿದ್ದ ದಿನಗಳ ಲೆಕ್ಕ. ಮೇಜಿನ ಈ ಕಡೆ ಕೂತವರ ಫೋಟೋ ಪುಸ್ತಕದಲ್ಲಿ ಇರುತ್ತದೆ, ಗಡ್ಡ, ಕೋಟು, ಕನ್ನಡಕ ಸಹಿತ. ಆ ಕಡೆ ಕೂತವರು ಯಾರು? ಅವರಿಗೆ ಊಟ ಆಗಿತ್ತೇ? ಅವರನ್ನು ಕೇಳಿ ಕೂರಿಸಿದ್ದೇ? ಮನೆಗೆ ಹೋದ ಮೇಲೆ ಅವರು ಎಂತ ಹೇಳಿಕೊಂಡರು?

ಸುತ್ತಿಗೆ ಮಾಸ್ಟ್ರ ಪಾಠದ ದಿನ ಮೇಡಂ ಕಿಟಕಿಯ ಹತ್ತಿರ ಗಕ್ಕನೆ ತಿರುಗಿ, "ನಾಯಿ ಮಾಸ್ಟ್ರು ನಾಯಿಗಳ ಹೆಸರು ಕೂಡ ಬರೆದಿಟ್ಟಿದ್ದಾರೆ. ಈ ಮಗುವಿಗೆ ಮಾತ್ರ ಪ್ರಯೋಗದ ಪೇಪರಿನಲ್ಲಿ ಸುಳ್ಳು ಹೆಸರು. ಅದು ದೊಡ್ಡದಾದ ಮೇಲೆ ಬಿಳಿ ಬೆಕ್ಕು ಕಂಡರೆ ಎಂತ ಮಾಡ್ತಿತ್ತು?" ಎಂದರು.

ಹಿಂದಿನ ಬೆಂಚಿನಿಂದ ಒಬ್ಬ, "ಓಡ್ತಿತ್ತು ಮೇಡಂ" ಎಂದ. ಎಲ್ಲರೂ ನಕ್ಕರು.

ಮೇಡಂ ಅವನ ಬೆಂಚಿನವರೆಗೆ ನಡೆದು ಹೋಗಿ, ಅವನ ಪುಸ್ತಕವನ್ನು ಸರಿಯಾಗಿ ಜೋಡಿಸಿಟ್ಟು, "ಸರಿಯಾದ ಉತ್ತರ. ಈಗ ಅದರ ಅಮ್ಮನ ಹತ್ರ ಹೋಗಿ ಹೇಳು, ನಗದೆ" ಎಂದು ವಾಪಸು ನಡೆದರು.

ವಿಭಾಗದ ಗೋಡೆಯಲ್ಲಿ ಮಾಸ್ಟ್ರುಗಳ ಏಳು ಫೋಟೋಗಳಿದ್ದವು. ಒಂದು ಬೇಸಿಗೆ ರಜೆ ಮುಗಿಸಿ ಬಂದಾಗ ಪ್ರತಿ ಫೋಟೋದ ಪಕ್ಕ ಅದೇ ಅಳತೆಯ ಒಂದೊಂದು ಖಾಲಿ ಚೌಕಟ್ಟು. ಪ್ರಿನ್ಸಿಪಾಲರು ಬಂದು ನೋಡಿದರು. ಎಣಿಸಿದರು.

"ಇದೆಂತ ಮೇಡಂ, ಖಾಲಿ?"

"ಫೋಟೋ ಸಿಗಲಿಲ್ಲ ಸರ್."

"ಸಿಕ್ಕಿದ ಮೇಲೆ ಹಾಕಬಹುದಿತ್ತಲ್ಲ?"

"ನೂರು ವರ್ಷದಿಂದ ಸಿಗಲಿಲ್ಲ ಸರ್, ಇನ್ನೆಷ್ಟು ಕಾಯುದು?"

ಪ್ರಿನ್ಸಿಪಾಲರು ಇನ್ನೊಮ್ಮೆ ಎಣಿಸಿ ಹೋದರು. ಚೌಕಟ್ಟುಗಳು ಅಲ್ಲೇ ಉಳಿದವು.

ಇಷ್ಟು ಓದಿದವರಿಗೆ ಅವರು ಸದಾ ಉರಿಯುತ್ತಿದ್ದವರೆಂದು ಅನಿಸಬಹುದು. ಹಾಗಲ್ಲ. ಅವರಿಗೆ ನಗುವುದಕ್ಕೂ ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ, ಅಷ್ಟೆ. ಮರೆವಿನ ಮಾಸ್ಟ್ರ ಪ್ರಯೋಗವನ್ನು ನಾವೇ ಮಾಡಿ ನೋಡಲು ಹದಿನಾರು ಅರ್ಥವಿಲ್ಲದ ಪದಗಳ ಪಟ್ಟಿ ಬೇಕಿತ್ತು. ಮೇಡಂ ಬೋರ್ಡಿನಲ್ಲಿ ಒಂದು ಬರೆದರೆ ಸಾಕು, ಒಂದು ಮೂಲೆಯಿಂದ "ಮೇಡಂ, ಅದಕ್ಕೆ ತುಳುವಿನಲ್ಲಿ ಅರ್ಥ ಉಂಟು" ಎಂದು ಕೇಳುತ್ತಿತ್ತು. ಅಳಿಸಿ ಇನ್ನೊಂದು ಬರೆದರೆ ಬೇರೆ ಕಡೆಯ ಕೊಂಕಣಿಯವರು ಕೈ ಎತ್ತುತ್ತಿದ್ದರು. ಅದನ್ನೂ ಅಳಿಸಿದರೆ ಬ್ಯಾರಿಯವರು. ಹಾಸ್ಟೆಲಿನ ಮಲಯಾಳಿ ಹುಡುಗಿ ಕೊನೆಗೆ ಎದ್ದು ನಿಂತು, "ಸಾರಿ ಮೇಡಂ, ಅದು ನಮ್ಮಲ್ಲಿ ಬೈಗುಳ" ಎಂದಳು. ಹದಿನಾರು ಪದಗಳಿಗೆ ಮೂರು ತರಗತಿಗಳು ಹಿಡಿದವು. ಮೇಡಂ ಕಣ್ಣೊರೆಸಿಕೊಳ್ಳುವಷ್ಟು ನಕ್ಕು, "ಜರ್ಮನಿಯಲ್ಲಿ ಇದು ಸುಲಭ ಇತ್ತು ಮಾರಾಯ್ರೆ. ಉಡುಪಿಯಲ್ಲಿ ಅರ್ಥ ಇಲ್ಲದ್ದು ಎಂತದೂ ಇಲ್ಲ" ಎಂದರು.

ನನ್ನ ಡೈರಿಯಲ್ಲಿ ಒಂದು ದಿನದ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆ ದಿನ ಪ್ಯಾರಿಸ್ ಮಾಸ್ಟ್ರ ಪಾಠ. ಮಕ್ಕಳ ಬುದ್ಧಿಯನ್ನು ಅಳೆಯುವ ಪರೀಕ್ಷೆಯನ್ನು ಮೊದಲು ಕಟ್ಟಿದವರು. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಸಹಾಯ ಮಾಡಬೇಕೆಂಬುದು ಅವರ ಉದ್ದೇಶವಾಗಿತ್ತೆಂದೂ, ಬುದ್ಧಿ ಬೆಳೆಯುವ ವಸ್ತುವೆಂದು ಅವರೇ ಹೇಳಿದ್ದರೆಂದೂ, ಆ ಪರೀಕ್ಷೆ ಸಮುದ್ರ ದಾಟಿದ ಮೇಲೆ ಮಕ್ಕಳ ಹಣೆಗೆ ಒತ್ತುವ ಮುದ್ರೆಯಾಯಿತೆಂದೂ ಮೇಡಂ ಹೇಳಿದರು. ಹೇಳಿ ಮುಗಿಸಿದರು. ಪ್ರಶ್ನೆ ಬರಲಿಲ್ಲ. ನಾವೆಲ್ಲ ಕಾದೆವು. ಕೊನೆಗೆ ನಾನೇ ತಮಾಷೆಗೆ, ಅವರದೇ ಧಾಟಿಯಲ್ಲಿ, "ಸರಿ ಮೇಡಂ. ಎದುರು ಯಾರು ಕೂತಿದ್ದರು?" ಎಂದೆ.

ಬಾಗಿಲಿನ ಕಡೆ ನಡೆಯುತ್ತಿದ್ದವರು ನಿಂತರು. ವಾಪಸು ಬಂದು ಮೇಜಿನ ಮೇಲಿದ್ದ ಚೀಲ ತೆಗೆದುಕೊಂಡು ಹೊರಗೆ ಹೋದರು. ಬೆಲ್ಲಿಗೆ ಇನ್ನೂ ಇಪ್ಪತ್ತೆರಡು ನಿಮಿಷ ಇತ್ತು. ಮರುದಿನ ಬಂದು ಮುಂದಿನ ಪಾಠ ಶುರು ಮಾಡಿದರು. ನಾನು ಕ್ಷಮೆ ಕೇಳಲು ಹೋದಾಗ, "ನೀನೆಂತ ತಪ್ಪು ಮಾಡಿದ್ದಿ? ಪ್ರಶ್ನೆ ಸರಿಯಾಗಿಯೇ ಉಂಟು" ಎಂದು ಮೆಟ್ಟಿಲಿಳಿದರು.

ಮುಂದೆ ನಾನೂ ಅದೇ ದಾರಿ ಹಿಡಿದು ಮಣಿಪಾಲದ ಒಂದು ಮಕ್ಕಳ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ಓದಿನಲ್ಲಿ ಹಿಂದೆ ಬಿದ್ದಿದ್ದಾರೆಂದು ಶಾಲೆಗಳು ಕಳಿಸುವ ಮಕ್ಕಳಿಗೆ ಪರೀಕ್ಷೆ ಮಾಡುವುದು, ವರದಿ ಬರೆಯುವುದು. ಮೇಡಂ ಆಗ ನಿವೃತ್ತರಾಗಿ ಇನ್ನಂಜೆಯಲ್ಲಿ ತಂಗಿಯ ಜೊತೆ ಇದ್ದರು. ಪ್ರತಿ ಶುಕ್ರವಾರ ಸಂಜೆ ಅವರ ಫೋನು.

"ಈ ವಾರ ಎಷ್ಟು ಮಕ್ಕಳು?"

"ಆರು ಮೇಡಂ."

"ಮನೆಯ ಮಾತು ಎಂತ?"

"ಮೂರು ತುಳು, ಎರಡು ಬ್ಯಾರಿ, ಒಂದು ಕೊಂಕಣಿ."

"ಮಗು ಮನೆಯ ಮಾತಿನಲ್ಲಿ ಉತ್ತರ ಹೇಳಿದರೆ ನೀನೆಂತ ಮಾಡ್ತಿ?"

"ಹಾಗೇ ಬರೆದುಕೊಳ್ತೇನೆ. ಗೊತ್ತಾಗದಿದ್ದರೆ ಅದರ ಅಮ್ಮನ ಹತ್ರ ಕೇಳ್ತೇನೆ."

"ಮಾರ್ಕು?"

"ಸರಿಯಾಗಿದ್ದರೆ ಕೊಡ್ತೇನೆ ಮೇಡಂ."

"ಕೊಡು. ಕೊಡದೆ ಇರಬೇಡ." ಫೋನು ಕಟ್.

ಹದಿನೆಂಟು ಶುಕ್ರವಾರ ಇದೇ ಮಾತು. ಹನ್ನೆರಡನೆಯದರಲ್ಲಿ ನನಗೆ ಸಿಟ್ಟು ಬಂದು, "ಮೇಡಂ, ನಿಮಗೆ ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಕೇಳಿಯೇಬಿಟ್ಟೆ. "ನಿನ್ನ ಮೇಲೆ ಉಂಟು. ಕೈಯಲ್ಲಿ ಕೈಪಿಡಿ ಹಿಡಿದ ಇಪ್ಪತ್ತೈದು ವರ್ಷದವರ ಮೇಲೆ ಇಲ್ಲ" ಎಂದರು. ನನಗೆ ಆಗ ಇಪ್ಪತ್ತೈದು.

ಹದಿನೆಂಟನೆಯ ಶುಕ್ರವಾರದ ಮರುದಿನ, ಕಳೆದ ಅಕ್ಟೋಬರಿನಲ್ಲಿ, ಇನ್ನಂಜೆಗೆ ಬರಹೇಳಿದರು. ನನ್ನದು ಕಾಪು, ಅಲ್ಲಿಂದ ಇನ್ನಂಜೆ ಹತ್ತಿರವೇ. ತಂಗಿ ಚಾ ತಂದಿಟ್ಟು, "ಇವಳದ್ದು ಲೋಟೆ ಎಲ್ಲಿ ಇಡುದು ಅಂತ ನನಗೆ ಗೊತ್ತಾಗುದಿಲ್ಲ. ಒಂದು ಗುಟುಕು ಜಗಲಿಯಲ್ಲಿ, ಒಂದು ಗುಟುಕು ಗೇಟಿನಲ್ಲಿ" ಎಂದು ಅಕ್ಕನನ್ನು ಅಣಕಿಸಿ ಒಳಗೆ ಹೋದರು. ಗಲ್ಫಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ಬಂದವರು. ಯಾರನ್ನಾದರೂ ಮಲಗಿಸಿಯೇ ಅವರಿಗೆ ಅಭ್ಯಾಸ.

ಮೇಡಂ ನಡೆಯುತ್ತಲೇ ಒಂದು ಕಂದು ಲಕೋಟೆ ನನ್ನ ಕೈಗೆ ಕೊಟ್ಟರು. ಒಳಗೆ ನಾಲ್ಕು ಪುಟದ ಪರೀಕ್ಷಾ ಹಾಳೆ, ಮಡಿಕೆಗಳಲ್ಲಿ ಸವೆದಿತ್ತು. ಮೇಲೆ ಒಂದು ಮಗುವಿನ ಹೆಸರು, ಫಿಲೋಮಿನಾ. ವಯಸ್ಸು ಎಂಟು. ಮೂರನೇ ತರಗತಿ. ಅಜೆಕಾರು ಕಡೆಯ ಒಂದು ಶಾಲೆ. ಕೆಳಗೆ ಪರೀಕ್ಷಕರ ಸಹಿ: ಮೇಡಂ.

"ಮೂವತ್ತೈದು ವರ್ಷ ಆಯಿತು" ಎಂದರು. "ಎಂ.ಎ. ಮುಗಿಸಿದ್ದೆ ಅಷ್ಟೆ. ಶಾಲೆ ಶಾಲೆಗೆ ಹೋಗಿ ಪರೀಕ್ಷೆ ಮಾಡುವ ಕೆಲಸ. ಪ್ರಶ್ನೆಗಳು ಕನ್ನಡದಲ್ಲಿ, ಉತ್ತರ ಕನ್ನಡದಲ್ಲಿ ಬೇಕು ಅಂತ ಕೈಪಿಡಿಯಲ್ಲಿ ಇತ್ತು. ಓದು, ಐದನೇ ಪ್ರಶ್ನೆ."

ಓದಿದೆ. 'ದಾರಿಯಲ್ಲಿ ಚಿಕ್ಕ ಮಗುವೊಂದು ಒಂಟಿಯಾಗಿ ಅಳುತ್ತಾ ನಿಂತಿದ್ದರೆ ನೀನು ಏನು ಮಾಡುವೆ?' ಅದರ ಎದುರು ಕನ್ನಡ ಲಿಪಿಯಲ್ಲಿ, ಮೇಡಂ ಅವರ ಗುಂಡಗಿನ ಅಕ್ಷರದಲ್ಲಿ, ಕೊಂಕಣಿಯ ಎರಡು ಸಾಲು. ನನಗೆ ಕೊಂಕಣಿ ಮಾತಾಡಲು ಬಾರದು. ಆದರೆ ನಮ್ಮ ಪಕ್ಕದ ಮನೆಯವರದು ಅದೇ ಭಾಷೆಯಾದ್ದರಿಂದ ಅರ್ಥವಾಗುತ್ತದೆ. 'ಯಾರ ಮನೆಯದೆಂದು ಕೇಳುತ್ತೇನೆ. ಹೇಳಲು ಬಾರದಿದ್ದರೆ ಇಗರ್ಜಿಗೆ ಕರೆದುಕೊಂಡು ಹೋಗುತ್ತೇನೆ, ಚರ್ಚಿನ ಘಂಟೆ ಬಾರಿಸಿದರೆ ಎಲ್ಲರೂ ಬರುತ್ತಾರೆ, ಅವರಲ್ಲಿ ಅದರ ಅಮ್ಮನೂ ಇರುತ್ತಾಳೆ.'

ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸೊನ್ನೆ.

ಪುಟ ತಿರುಗಿಸಿದೆ. 'ಕೊಡೆಗೂ ಮನೆಗೂ ಇರುವ ಹೋಲಿಕೆ ಏನು?' ಉತ್ತರ: 'ಎರಡರ ಕೆಳಗೂ ನಾವು ನಿಲ್ಲುತ್ತೇವೆ. ಜೋರು ಗಾಳಿ ಬಂದರೆ ಎರಡನ್ನೂ ಹಿಡಿದುಕೊಳ್ಳಬೇಕು.' ಸೊನ್ನೆ. ಇಪ್ಪತ್ತು ಪ್ರಶ್ನೆಗಳಲ್ಲಿ ಹದಿಮೂರಕ್ಕೆ ಕೊಂಕಣಿಯಲ್ಲಿ ಉತ್ತರ, ಹದಿಮೂರು ಸೊನ್ನೆ. ನಾನು ಎರಡು ಸಲ ಎಣಿಸಿದೆ. ಕೊನೆಯಲ್ಲಿ ಚೌಕದೊಳಗೆ ಅರವತ್ತೆಂಟು ಎಂಬ ಸಂಖ್ಯೆ, ಪಕ್ಕದಲ್ಲಿ 'ಮಂದಬುದ್ಧಿ' ಎಂಬ ಒಂದೇ ಮಾತು.

"ಮೇಡಂ, ನಿಮ್ಮದು ಕೊಂಕಣಿ ಅಲ್ವಾ?" ಎಂದೆ.

"ಅದೇ ಅಲ್ವಾ ಹೇಳುದು" ಎಂದರು. "ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಿದ್ದರೆ ಗೊತ್ತಾಗಲಿಲ್ಲ ಅನ್ನಬಹುದಿತ್ತು. ನನ್ನ ಅಮ್ಮನ ಭಾಷೆಯಲ್ಲಿ ಹೇಳಿದಳು. ಒಂದೊಂದು ಶಬ್ದ ಗೊತ್ತಾಯಿತು. ಇಗರ್ಜಿಯ ಘಂಟೆ ಕೇಳಿ ನನಗೆ ನಗು ಕೂಡ ಬಂತು. ನಗು ತಡೆದುಕೊಂಡು ಸೊನ್ನೆ ಹಾಕಿದೆ. ಯಾಕೆ? ಕೈಪಿಡಿಯಲ್ಲಿ ಹಾಗೆ ಇತ್ತು. ನಾನು ಕಲಿತವಳು."

ಮರುವರ್ಷ ಆ ಶಾಲೆಯ ಹೆಡ್‌ಮಾಸ್ಟ್ರು ಒಂದು ತರಬೇತಿಯಲ್ಲಿ ಸಿಕ್ಕಿ ಅವರಿಗೆ ಧನ್ಯವಾದ ಹೇಳಿದ್ದರಂತೆ. 'ನೀವು ಬರೆದುಕೊಟ್ಟದ್ದು ಒಳ್ಳೆಯದಾಯಿತು ಮೇಡಂ. ಅವಳ ತಾಯಿಯನ್ನು ಕರೆಸಿ ಎಲ್ಲರೆದುರು ಓದಿ ಹೇಳಿದೆ. ಶಾಲೆ ಬಿಡಿಸಿದರು. ಈಗ ಬೀಡಿ ಕಟ್ತಾಳೆ, ಆರಾಮ ಇದ್ದಾಳೆ.' ಆ ದಿನದಿಂದ ಮೇಡಂ ಪರೀಕ್ಷೆ ಮಾಡುವ ಕೆಲಸ ಬಿಟ್ಟು ಪಾಠ ಮಾಡಲು ಬಂದರು. ಎರಡು ಸಲ ಅಜೆಕಾರಿಗೆಂದು ಹೊರಟು ಕಾರ್ಕಳದ ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದಿದ್ದರು.

"ಈಗ ಡಾಕ್ಟ್ರು ಹೃದಯ ಸರಿ ಇಲ್ಲ ಅಂತ ಹೇಳಿದ್ದಾರೆ. ಹಾಗಾಗಿ ಇನ್ನು ಅರ್ಧ ದಾರಿಯಿಂದ ವಾಪಸು ಬರುವ ಹಾಗಿಲ್ಲ" ಎಂದರು. "ನೀನು ಬರಬೇಕು. ನಾನು ಅವಳೆದುರು ಕೂತು ಪಾಠ ಶುರು ಮಾಡಿದರೆ ನಿಲ್ಲಿಸಬೇಕು. ನನಗೆ ನನ್ನದು ಗೊತ್ತುಂಟು, ತಪ್ಪನ್ನು ಕೂಡ ಇತಿಹಾಸ ಮಾಡಿಬಿಡ್ತೇನೆ."

ಆ ಶಾಲೆಗೆ ನಾನು ಮೂರು ಸಲ ಫೋನು ಮಾಡಿದೆ. ಮೂರನೇ ಸಲ ಎತ್ತಿದ ಅಡುಗೆಯ ಹೆಂಗಸು, "ಓ, ಟೈಲರ್ ಫಿಲೋಮಿನಾ? ಪೇಟೆಯಿಂದ ಸ್ವಲ್ಪ ಮುಂದೆ, ನೀಲಿ ಗೇಟು. ಮದುವೆ ಬಟ್ಟೆಯಾ? ಈಗ ಕೊಟ್ಟರೆ ಸಿಕ್ಕುದಿಲ್ಲ" ಎಂದಳು.

ನವೆಂಬರ್ ಎಂಟು, ಶನಿವಾರ. ಉಡುಪಿಯಿಂದ ಕಾರ್ಕಳಕ್ಕೆ ಒಂದು ಬಸ್ಸು, ಕಾರ್ಕಳದಿಂದ ಅಜೆಕಾರಿಗೆ ಇನ್ನೊಂದು. ಮೇಡಂ ಮೊದಲ ಬಸ್ಸಿನಲ್ಲಿ ನಾಲ್ಕು ಸಲ ಸೀಟು ಬದಲಾಯಿಸಿದರು. ಕಂಡಕ್ಟರ್, "ಅಮ್ಮಾ, ಎಲ್ಲ ಸೀಟೂ ಕಾರ್ಕಳಕ್ಕೇ ಹೋಗುದು" ಎಂದ. ಕಾರ್ಕಳದಲ್ಲಿ ಇಳಿದೊಡನೆ ನಾನು ಅವರ ಮೊಣಕೈ ಹಿಡಿದುಕೊಂಡೆ. ಹಿಡಿಯದಿದ್ದರೆ ಮೂರನೇ ಸಲವೂ ಅದೇ ಆಗುತ್ತಿತ್ತು ಎಂಬ ಅನುಮಾನ ನನಗೆ ಈಗಲೂ ಇದೆ.

ನೀಲಿ ಗೇಟಿನ ಒಳಗೆ ಸಣ್ಣ ಹಂಚಿನ ಮನೆ. ಜಗಲಿಯಲ್ಲಿ ಹೊಲಿಗೆ ಮಿಷನ್, ಮೇಲೆ ತಂತಿಯಲ್ಲಿ ತೂಗುಹಾಕಿದ ಬಿಳಿ ಗೌನು. ನಲವತ್ತಮೂರರ ಹೆಂಗಸು, ಕುತ್ತಿಗೆಯಲ್ಲಿ ಟೇಪು, ಬಾಯಲ್ಲಿ ಗುಂಡುಸೂಜಿ. ಗೋಡೆಯ ಮೊಳೆಗಳಲ್ಲಿ ಬಣ್ಣಬಣ್ಣದ ದಾರಗಳು, ದಾರಗಳಲ್ಲಿ ಗಂಟುಗಳು. ನಾನು ಅವನ್ನೇ ನೋಡುತ್ತಿದ್ದುದನ್ನು ಕಂಡು ಸೂಜಿ ತೆಗೆದು, "ಅಳತೆ. ಒಬ್ಬೊಬ್ಬರದು ಒಂದೊಂದು ದಾರ. ಬರೆದಿಟ್ಟರೆ ನನಗೆ ಓದಲು ಹೊತ್ತು ಹಿಡೀತದೆ" ಎಂದು ಕನ್ನಡದಲ್ಲಿ ಹೇಳಿದಳು.

ಮೇಡಂ ಕೊಂಕಣಿಯಲ್ಲಿ ತಾನು ಯಾರೆಂದು ಹೇಳಿದರು. ಮುಂದಿನದೆಲ್ಲ ಕೊಂಕಣಿಯಲ್ಲೇ ನಡೆಯಿತು; ನಾನು ವಾಪಸು ಬರುವ ಬಸ್ಸಿನಲ್ಲಿ ಬರೆದುಕೊಂಡದ್ದನ್ನು ಕನ್ನಡ ಮಾಡಿ ಕೊಡುತ್ತಿದ್ದೇನೆ, ಅಮ್ಮನನ್ನು ಅವಳು ಕರೆದ 'ಮಾಂಯ್' ಒಂದನ್ನು ಬಿಟ್ಟು.

"ನಿನಗೆ ನೆನಪುಂಟಾ? ಶಾಲೆಯಲ್ಲಿ ಒಂದು ದಿನ ಒಬ್ಬಳು ಬಂದು ಪ್ರಶ್ನೆ ಕೇಳಿದ್ದು?"

"ಹಸಿರು ಸೀರೆ" ಎಂದಳು ಫಿಲೋಮಿನಾ ಕೂಡಲೇ. "ನೀವಾ?"

ಮೇಡಂ ಕೂರಲಿಲ್ಲ. ಹಾಳೆ ತೆಗೆದು, ಪ್ರಶ್ನೆ ಓದಿ, ಅವಳ ಉತ್ತರ ಓದಿ, ಅಂಥ ಹದಿಮೂರೂ ಸರಿಯಾಗಿದ್ದವೆಂದೂ ತನಗೆ ಅರ್ಥವಾಗಿದ್ದವೆಂದೂ ಹೇಳಿದರು. ಆಮೇಲೆ ಮಾತು ಜಾರಿತು. "ಈ ಪರೀಕ್ಷೆಯನ್ನು ಮೊದಲು ಮಾಡಿದ್ದು ಪ್ಯಾರಿಸಿನ ಒಬ್ಬರು, ಅವರ ಉದ್ದೇಶ ಬೇರೆ ಇತ್ತು. ಆಮೇಲೆ ಅಮೆರಿಕಕ್ಕೆ..."

"ಮೇಡಂ" ಎಂದೆ ನಾನು.

ಅವರು ನಿಲ್ಲಿಸಿದರು. "ತಪ್ಪು ನನ್ನದು. ಗೊತ್ತಿದ್ದೇ ಮಾಡಿದೆ" ಎಂದರು.

ಫಿಲೋಮಿನಾ ಮಿಷನಿನ ಚಕ್ರದ ಮೇಲೆ ಕೈ ಇಟ್ಟಳು. "ಹೆಂಗಸರ ಸಂಘಕ್ಕೆ ಅಧ್ಯಕ್ಷೆ ಆಗು ಅಂತ ಮೂರು ಸಲ ಹೇಳಿದರು" ಎಂದಳು. "ಇಗರ್ಜಿಯಲ್ಲಿ ಬೈಬಲ್ ವಾಚನ ಓದಲು ಹೇಳಿದರು. ನನ್ನ ತಲೆ ಅಷ್ಟಕ್ಕೆ ಸಾಲುದಿಲ್ಲ ಅಂದೆ. ಮದುವೆ ಮಾತಿಗೆ ಬಂದವರಿಗೆ ಮಾಂಯ್ ಮೊದಲೇ ಹೇಳ್ತಿದ್ದಳು, ಹುಡುಗಿಗೆ ಕೈಕೆಲಸ ಉಂಟು, ಓದು ಹತ್ತುದಿಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ ಅಂತ." ಮೇಡಂ ಕೈಯ ಹಾಳೆ ತೋರಿಸಿ, "ಈಗ ಹಾಕಿ ನೋಡಿ. ಈಗ ಎಷ್ಟು ಆಗ್ತದೆ?" ಎಂದು ಕೇಳಿದಳು.

"ಅದು ಮಕ್ಕಳ ಪರೀಕ್ಷೆ. ನಿನ್ನ ವಯಸ್ಸಿಗೆ ಸಂಖ್ಯೆ ಇಲ್ಲ."

"ಆಗ ಇತ್ತಲ್ಲ" ಎಂದಳು ಅವಳು. "ಬೇಕಾಗಿದ್ದಾಗ ಇಲ್ಲ."

ಮೇಡಂ ಜಗಲಿಯ ಆ ತುದಿಗೆ ಹೋಗಿ ಬಂದರು. ಕ್ಷಮೆ ಕೇಳಿದರು. ಫಿಲೋಮಿನಾ ಚಕ್ರದಿಂದ ಕೈ ತೆಗೆದಳು. ಎದ್ದು, "ನನಗೆ ಹೇಳಿ ಎಂತ ಪ್ರಯೋಜನ? ಅದನ್ನು ಓದಿ ಹೇಳಿದ್ದು ಮಾಂಯ್‌ಗೆ. ಅವಳಿಗೆ ಹೇಳಿ" ಎಂದು ಒಳಬಾಗಿಲು ತೋರಿಸಿದಳು. "ಕಿವಿ ಕೇಳುದಿಲ್ಲ. ಗಟ್ಟಿಯಾಗಿ ಹೇಳಬೇಕು."

ಒಳಗೆ ಎಪ್ಪತ್ತು ದಾಟಿದ ಮುದುಕಿ ಮರದ ಕುರ್ಚಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಮೇಡಂ ಎಷ್ಟು ನಡೆದರೂ ಧ್ವನಿ ಎತ್ತಿದವರಲ್ಲ. ತರಗತಿಯ ಕೊನೆಯ ಬೆಂಚಿಗೆ ಅವರ ಮಾತು ಮುಟ್ಟಿದ್ದಕ್ಕಿಂತ ಮುಟ್ಟದ್ದೇ ಹೆಚ್ಚು. ಅವರು ಮುದುಕಿಯ ಕಿವಿಯ ಹತ್ತಿರ ಬಗ್ಗಿ, ತಾನು ಯಾರೆಂದು ಹೇಳಿದರು.

"ಹಾಂ?"

ಇನ್ನೊಮ್ಮೆ ಹೇಳಿದರು.

"ಗೌನು ಸೋಮವಾರ ಆಗ್ತದೆ, ಅವಳ ಹತ್ರ ಕೇಳಿ" ಎಂದಳು ಮುದುಕಿ.

"ಇನ್ನೂ ಗಟ್ಟಿ" ಎಂದಳು ಫಿಲೋಮಿನಾ ಬಾಗಿಲಲ್ಲಿ ನಿಂತು. ಅವಳ ಮುಖದಲ್ಲಿ ದಯೆ ಇರಲಿಲ್ಲ.

ಮೇಡಂ ಕೂಗಿದರು. ಮೂವತ್ತೈದು ವರ್ಷ ಯಾರಿಗೂ ಹೇಳದ್ದನ್ನು ಬೇಲಿಯಾಚೆಗೂ ಕೇಳುವಂತೆ ಕೂಗಿದರು. "ನಿಮ್ಮ ಮಗಳು ದಡ್ಡಿ ಅಲ್ಲ! ಅವಳು ಹೇಳಿದ್ದೆಲ್ಲ ಸರಿ ಇತ್ತು! ಕೊಂಕಣಿಯಲ್ಲಿ ಹೇಳಿದಳು ಅಂತ ನಾನು ಸೊನ್ನೆ ಹಾಕಿದ್ದು! ತಪ್ಪು ನನ್ನದು!" ಪಕ್ಕದ ಮನೆಯ ಹೆಂಗಸೊಬ್ಬಳು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಬೇಲಿಯ ಹತ್ತಿರ ಬಂದು ನಿಂತಳು. ಮೇಡಂ ಅವಳನ್ನು ನೋಡಿದರು. ನೋಡಿಯೂ ಕೊನೆಯ ಮಾತನ್ನು ಇನ್ನೊಮ್ಮೆ ಕೂಗಿದರು.

ಮುದುಕಿ ಕೈಯಲ್ಲಿದ್ದ ಬೀಜವನ್ನು ತಟ್ಟೆಗೆ ಹಾಕಿದಳು.

"ಅದು ನನಗೆ ಗೊತ್ತುಂಟು" ಎಂದಳು.

ಮುದುಕಿ ತಟ್ಟೆಯ ಬೀಜಗಳನ್ನು ಒಂದು ಕಡೆ ಸರಿಸಿದಳು.

"ಏಳು ಸಾಮಾನು ಹೇಳಿ ಅಂಗಡಿಗೆ ಕಳಿಸಿದರೆ ಏಳನ್ನೂ ತರ್ತಿದ್ದಳು. ಅಣ್ಣಂದಿರು ಎರಡು ಮರೀತಿದ್ದರು. ನನಗೆ ಗೊತ್ತಿಲ್ವಾ? ನಾನು ಹೆತ್ತದ್ದು."

ಮೇಡಂ ಅಲ್ಲೇ ಬಗ್ಗಿ ನಿಂತಿದ್ದರು. ಅವರ ಧ್ವನಿ ಈಗ ಸಿಟ್ಟಿನದಾಗಿತ್ತು. "ಮತ್ತೆ ಯಾಕೆ ಬಿಡಿಸಿದಿರಿ?"

"ನೀವು ಕಾಗದದಲ್ಲಿ ಬರೆದು ಕಳಿಸಿದ್ದು. ಹೆಡ್‌ಮಾಸ್ಟ್ರು ಓದಿದ್ದು. ನಾನು ಕತ್ತಿ ಹಿಡಿದು ಗದ್ದೆಯಿಂದ ಬಂದು ನಿಂತವಳು. ನನಗೆ ಗೊತ್ತಿದ್ದದ್ದನ್ನು ಅಲ್ಲಿ ಹೇಗೆ ಹೇಳುದು?" ಮುದುಕಿ ಮತ್ತೊಂದು ಹುಣಸೆಹಣ್ಣು ಕೈಗೆತ್ತಿಕೊಂಡಳು. "ಕಲಿತವರು ಹೇಳಿದ ಮೇಲೆ ನನ್ನದು ತಪ್ಪಿರಬಹುದು ಅಂತ ಇಟ್ಟುಕೊಂಡೆ."

ಬಾಗಿಲಿನಲ್ಲಿದ್ದ ಫಿಲೋಮಿನಾ ಒಳಗೆ ಬಂದಳು. ಮೇಡಂ ಅವಳಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು. ಅವಳು ನಮ್ಮ ಕಡೆ ನೋಡಲಿಲ್ಲ.

"ಮಾಂಯ್, ನಿನಗೆ ಗೊತ್ತಿದ್ದರೆ ನನಗೆ ಯಾಕೆ ಹೇಳಲಿಲ್ಲ?"

"ಹಾಂ?"

"ನನಗೆ ಯಾಕೆ ಹೇಳಲಿಲ್ಲ?"

ಮುದುಕಿಗೆ ಈ ಸಲ ಕೇಳಿತ್ತು ಎಂದು ನನಗೆ ಅನಿಸಿತು. ಆದರೂ ಅವಳು "ಹಾಂ?" ಎಂದಳು. ಮೇಡಂ ನನ್ನ ಕೈ ಮುಟ್ಟಿ, "ಬಾ. ಇನ್ನು ನಮಗೆ ಇಲ್ಲಿ ಕೆಲಸ ಇಲ್ಲ" ಎಂದರು. ನಾವು ಗೇಟು ದಾಟುವಾಗಲೂ ಅದೇ ಪ್ರಶ್ನೆ ಕೇಳಿಸುತ್ತಿತ್ತು.

ಬಸ್‌ಸ್ಟಾಪಿನಲ್ಲಿ ಮೇಡಂ ಕೂರಲಿಲ್ಲ, ನಡೆಯಲೂ ಇಲ್ಲ. ಕಂಬದ ಪಕ್ಕ ನಿಂತು, "ನಾನು ಹೇಳಿ ಮುಗಿಸಿದರೆ ಮುಗೀತದೆ ಅಂತ ಎಣಿಸಿದ್ದೆ" ಎಂದರು. ಒಂದು ಬಸ್ಸು ಬಂದು ಹೋಯಿತು. "ಹತ್ತುವ ಮೇಡಂ" ಎಂದೆ. "ಇರು" ಎಂದರು. ಎರಡನೆಯದೂ ಹೋಯಿತು. "ವಾಪಸು ಹೋಗಿ ಆ ತಾಯಿಯನ್ನು ಬೈಬೇಡ ಅಂತ ಹೇಳ್ಲಾ?" ಎಂದು ಕೇಳಿದರು. ನಾನು ಬೇಡವೆಂದೆ. "ಬೇಡ ಅಲ್ವಾ" ಎಂದರು. ಎರಡು ನಿಮಿಷ ಬಿಟ್ಟು ಮತ್ತೆ ಅದನ್ನೇ ಕೇಳಿದರು.

ಹನ್ನೆರಡೂ ಇಪ್ಪತ್ತಕ್ಕೆ ಫಿಲೋಮಿನಾ ರಸ್ತೆಯಲ್ಲಿ ಬರುತ್ತಿರುವುದು ಕಂಡಿತು. ಚಪ್ಪಲಿ ಹಾಕಿರಲಿಲ್ಲ. ಟೇಪು ಕುತ್ತಿಗೆಯಲ್ಲೇ ಇತ್ತು. ಕಣ್ಣು ಕೆಂಪಾಗಿತ್ತು. ಮೇಡಂ ಎದುರು ನಿಂತು ಕೈ ಚಾಚಿದಳು.

"ಆ ಕಾಗದ ಕೊಡಿ ಟೀಚರ್."

ಮೇಡಂ ಲಕೋಟೆಯನ್ನು ಎದೆಗೆ ಒತ್ತಿ ಹಿಡಿದಿದ್ದರು. "ಹರಿದು ಹಾಕ್ತೀಯಾ?" ಎಂದು ಕೇಳಿದರು. ಅವರಿಗೆ ಹೌದು ಎಂಬ ಉತ್ತರ ಬೇಕಾಗಿತ್ತೆಂದು ಆ ಧ್ವನಿಯಲ್ಲೇ ತಿಳಿಯುತ್ತಿತ್ತು.

"ಯಾಕೆ ಹರಿಯುದು? ನಾನು ಹೇಳಿದ್ದು ಎಲ್ಲ ಅದರಲ್ಲಿ ಉಂಟಲ್ಲ. ಮಾಂಯ್‌ಗೆ ಓದಿ ಹೇಳಬೇಕು, ಹದಿಮೂರನ್ನೂ."

"ನಾನು ಬಂದು ಓದ್ಲಾ? ನನ್ನ ಅಕ್ಷರ ಹಳೆಯದು, ನಿನಗೆ..."

"ಬೇಡ" ಎಂದಳು ಫಿಲೋಮಿನಾ. "ನನ್ನ ಮಾತು, ನಾನೇ ಓದ್ತೇನೆ."

ಮೇಡಂ ಕೊಟ್ಟರು. ಕಾರ್ಕಳದ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿತು. ಅವಳು ನಾವು ಹತ್ತುವವರೆಗೆ ಕಾಯಲಿಲ್ಲ. ಲಕೋಟೆಯನ್ನು ಕಂಕುಳಿಗೆ ಸಿಕ್ಕಿಸಿ, ಹಾಳೆ ಬಿಡಿಸಿ, ಮೊದಲ ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಮನೆಯ ಕಡೆ ನಡೆದಳು. ಎದುರಿನಿಂದ ಸೈಕಲ್ಲಿನವನೊಬ್ಬ ಬೆಲ್ ಬಾರಿಸಿದರೂ ತಲೆ ಎತ್ತಲಿಲ್ಲ. ಅವನೇ ಪಕ್ಕಕ್ಕೆ ಸರಿದು ಹೋದ.